ಕಟ್ಟಿಸಿದವರಿಗೇ ದಕ್ಕದ ಸೌಧ

ಬೆಂಗಳೂರಿಗೆ ಬಂದವರು ವಿಧಾನಸೌಧ ನೋಡದೆ ಊರಿಗೆ ಹೋದದ್ದುಂಟೇ? ಎದುರಿಗೆ 1868ರ ಕೆಂಪು ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟು. ಈಚೆಗೆ ಈ ಬೂದುಗಲ್ಲಿನ ಬೆಟ್ಟ!

1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟಾಗ ನಕ್ಷೆ ಸಾದಾ ಆಗಿತ್ತು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನೇ ಬದಲಿಸಿಬಿಟ್ಟರು. ದ್ರಾವಿಡ ಶೈಲಿಯ ಕಂಬಗಳು, ಗೋಪುರ, ನೆತ್ತಿಯ ಮೇಲೆ ನಾಲ್ಕು ಸಿಂಹ... ಎಲ್ಲಾ ಅವರ ಹಟ. ಕೆಲಸ ಮಾಡಿದವರಲ್ಲಿ ಜೈಲಿನ ಕೈದಿಗಳೂ ಇದ್ದರು!

ದುಂದುವೆಚ್ಚ ಅಂತ ಕೂಗೆದ್ದಿತು. ಸೌಧ ಮುಗಿದ 1956ರಲ್ಲೇ ಕೆಂಗಲ್ಲರ ಕುರ್ಚಿಯೂ ಹೋಯ್ತು. ಹಣೆಯ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನೋ ಮಾತು ಎಲ್ಲರೂ ಓದುತ್ತಾರೆ. ಆವರಣದಲ್ಲಿ ಕೆಂಗಲ್ಲರ ಪ್ರತಿಮೆಯೂ ಇದೆ. ನೀವು ಹೋದಾಗ ಅಲ್ಲೂ ಒಂದು ನಿಮಿಷ ನಿಲ್ಲಿ. ಆಮೇಲೆ ಫೋಟೋ ತೆಗೆಸಿಕೊಳ್ಳಿ!