ಜಾಲಿ ಹೊಲದ ಲೆಕ್ಕ

ನಮ್ಮ ಮನೆಯಲ್ಲಿ ಅದಕ್ಕೆ ವಿಲಾಯತಿ ಬಬೂಲ್ ಎನ್ನುತ್ತೇವೆ. ಊರಿನವರಿಗೆ ಅದು ಬಳ್ಳಾರಿ ಜಾಲಿ. ತಮಿಳಿನವರು ಸೀಮೈ ಕರುವೇಲಂ ಎನ್ನುತ್ತಾರೆ. ಎಲ್ಲರೂ ಅದನ್ನು ಬೇರೆ ಊರಿನ ಗಿಡ ಎಂದೇ ಕರೆಯುತ್ತಾರೆ, ಬೆಳೆಯುವುದು ಮಾತ್ರ ಎಲ್ಲರ ಹೊಲದಲ್ಲೂ. ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಕಡೆಯ ಈ ಗಿಡದ ಬೀಜವನ್ನು ಬ್ರಿಟಿಷರು 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ತರಿಸಿದರು.

ದಾದಾ ತೀರಿಕೊಂಡ ಮೇಲೆ ಕೊಪ್ಪಳ ಜಿಲ್ಲೆಯಲ್ಲಿರುವ ನಮ್ಮ ಎರಡು ಎಕರೆ ಆರು ವರ್ಷ ಬೀಳು ಬಿದ್ದಿತ್ತು. ಅಬ್ಬಾ ಪಟ್ಟಣದಲ್ಲಿ ಆಟೋ ಓಡಿಸುತ್ತಾರೆ, ಹೊಲಕ್ಕೆ ಹೋಗಲು ಪುರುಸೊತ್ತಿರಲಿಲ್ಲ. ಕಳೆದ ವರ್ಷ ಪಕ್ಕದ ಹೊಲದವರು ಬಂದು, "ಸಾಬ್ರ, ಅದು ಹೊಲ ಅಲ್ಲ, ಅಡವಿ" ಎಂದು ಅರ್ಧ ಬೆಲೆಗೆ ಕೇಳಿದರು. ಅಕ್ಕನ ನಿಕಾಹ್ ಹತ್ತಿರವಿತ್ತು. ಅಬ್ಬಾ ಹೂಂ ಅನ್ನುವವರೇ ಇದ್ದರು. ದಾದಿ ಬಿಡಲಿಲ್ಲ. "ಪೈಲೆ ಸಾಫ್ ಕರೊ, ಬಾದ್ ಮೆ ಬೇಚೊ" ಎಂದರು.

ಸಾಫ್ ಮಾಡಲು ಟ್ರ್ಯಾಕ್ಟರ್ ಬೇಕು, ಆದರೆ ಯಾರೂ ಇಳಿಸಲು ಒಪ್ಪಲಿಲ್ಲ. "ಟೈರ್ ಹೋದ್ರ ನಿಮ್ಮ ಬಾಡಿಗಿ ಗಾಲಿ ಬಿಚ್ಚಾಕೂ ಸಾಲಂಗಿಲ್ಲ" ಎಂದರು ಒಬ್ಬರು. ಅದು ಸುಳ್ಳಲ್ಲ. ಹಿಂದಿನ ದೊಡ್ಡ ಟ್ಯೂಬಿನಲ್ಲಿ ಎಷ್ಟೋ ಜನ ಭಾರಕ್ಕೆಂದು ನೀರು ತುಂಬಿಸಿರುತ್ತಾರೆ, ಪಂಕ್ಚರ್ ಆದರೆ ಅದನ್ನೆಲ್ಲ ಖಾಲಿ ಮಾಡಬೇಕು. ಜಾಲಿ ಮುಳ್ಳಿನ ತುದಿ ಟೈರಿನೊಳಗೆ ಮುರಿದು ಕುಳಿತರೆ ಹೊರಗಿನಿಂದ ಕಾಣುವುದಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಕೂರಿಸಿದರೆ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಅದಕ್ಕೇ ಪಂಕ್ಚರ್ ಅಂಗಡಿಯವರು ಟೈರಿನ ಒಳಮೈಗೆಲ್ಲ ಬಟ್ಟೆ ಆಡಿಸಿ, ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುತ್ತಾರೆ. ಮುಳ್ಳಿಗಿಂತ ಕೆಟ್ಟದ್ದು ಓರೆಯಾಗಿ ಕಡಿದ ಗಿಡ್ಡ ಬೊಡ್ಡೆ. ಅದು ಭರ್ಚಿಯ ಹಾಗೆ ಟೈರಿನ ಪಕ್ಕೆ ಸೀಳಿದರೆ ಹೊಸ ಟೈರೇ ಗತಿ.

ಕಾಮರ್ಸ್ ಓದುತ್ತೇನೆಂದು ಖರ್ಚಿನ ಪುಸ್ತಕ ನನ್ನ ಕೈಗೆ ಬಂತು. ಮೊದಲು ಬಂದವರು ಇದ್ದಿಲು ಸುಡುವವರು. ಕಟ್ಟಿಗೆ ಅವರಿಗೆ, ಕಡಿಯುವ ಕೂಲಿ ನಮಗೆ ಉಳಿತಾಯ. ಪುಸ್ತಕದಲ್ಲಿ ಎರಡೂ ಕಡೆ ಸೊನ್ನೆ. ಅಬ್ಬಾ ಒಂದೇ ಷರತ್ತು ಹಾಕಿದರು: ಬೊಡ್ಡೆಯನ್ನು ನೆಲಮಟ್ಟಕ್ಕೆ ಕಡಿಯಬಾರದು, ಸೊಂಟದೆತ್ತರ ಬಿಡಬೇಕು. ಎತ್ತರವಿದ್ದರೆ ಕಣ್ಣಿಗೂ ಕಾಣುತ್ತದೆ, ಮೆಷಿನ್ನಿಗೂ ಹಿಡಿತ ಸಿಗುತ್ತದೆ. ನೆಲದ ಮೇಲೆ ಎಷ್ಟು ಕಡಿದರೂ ಜಾಲಿ ಸಾಯುವುದಿಲ್ಲ, ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರುತ್ತವೆ. ಬುಡವನ್ನು ಮಣ್ಣಿನೊಳಗಿನ ಒಂದಡಿ ಬೇರಿನ ಸಮೇತ ಕೀಳಬೇಕು. ಅದಕ್ಕೆ ಟೈರಿನ ಗಾಡಿ ಬಿಟ್ಟು ಚೈನಿನ ಮೇಲೆ ಓಡುವ ಹಿಟಾಚಿ ತರಿಸಿದೆವು. 8 ಗಂಟೆಗೆ 12,000 ರೂಪಾಯಿ.

ಉಳಿದದ್ದು ಕೈಕೆಲಸ. ಆರು ಜನ ಹೆಣ್ಣುಮಕ್ಕಳು ಮೂರು ದಿನ ಕವಲಿನ ಕೋಲಿನಿಂದ ಮುಳ್ಳು ಎಳೆದು ಒಂದೇ ಕಡೆ ಗುಡ್ಡೆ ಹಾಕಿ ಸುಟ್ಟರು. ಟೈರಿನ ಬಗ್ಗೆ ತಿಂಗಳುಗಟ್ಟಲೆ ಮಾತಾಡಿದ ನಮ್ಮ ಊರಿನಲ್ಲಿ ಆ ಹನ್ನೆರಡು ಪಾದಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಮೊದಲ ದಿನವೇ ಒಬ್ಬರ ಹಿಮ್ಮಡಿಗೆ ಮುಳ್ಳು ಹೊಕ್ಕಿತು. ಅಮ್ಮಿ ಸಂತೆಯಿಂದ ಆರು ಜೊತೆ ಟೈರ್ ಚಪ್ಪಲಿ ತಂದರು, 1,200 ರೂಪಾಯಿ. ಇದನ್ನು ಯಾವ ಖಾತೆಗೆ ಬರೆಯುವುದು ಎಂದು ಅಬ್ಬಾ ಕೇಳಿದರು. ಕೂಲಿಯ ಕೆಳಗೆ ಬರೆದೆ. ಮೊದಲ ಸಾಲಿನಲ್ಲೇ ಇರಬೇಕಾದ ಖರ್ಚು ಅದು.

ಕೊನೆಗೆ ಒಪ್ಪಿದ ಟ್ರ್ಯಾಕ್ಟರಿನ ಕಾಕಾ ಗಾಡಿ ತರದೆ ತಾವೊಬ್ಬರೇ ಬಂದರು. ಚಪ್ಪಲಿ ಕಾಲಲ್ಲಿ ಹೊಲದ ಉದ್ದಕ್ಕೂ ಅಡ್ಡಕ್ಕೂ ನಡೆದರು. ಬದುವಿನ ಮೇಲೆ ಕೂತು ಅಟ್ಟೆ ತಿರುಗಿಸಿ ಮುಳ್ಳು ಎಣಿಸಿದರು. ಐದು.

"ಬರಕೊಳ್ಳವ್ವಾ," ಎಂದರು ನನಗೆ, "ಇದು ಸೊನ್ನೆ ಆದ ದಿನ ಗಾಡಿ ಇಳಸ್ತೀನಿ."

ಆರು ಜನರಿಗೆ ಇನ್ನೊಂದು ದಿನದ ಕೆಲಸವಾಯಿತು. ನಾಲ್ಕು ದಿನದ ಕೂಲಿ, ತಲಾ 350ರಂತೆ, 8,400. ಕಾಕಾ ಮತ್ತೆ ನಡೆದರು, ಮತ್ತೆ ಎಣಿಸಿದರು, ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಬದುವಿನ ಕಡೆಯಿಂದ ನಿಧಾನ ಗೇರಿನಲ್ಲಿ ಉಳುತ್ತಾ ಹೋದರು. ನೇಗಿಲಿಗೆ ಬೇರು ಸಿಕ್ಕಿದಾಗಲೆಲ್ಲ ನಿಲ್ಲಿಸಿದರು, ನಾವು ಆರಿಸಿದೆವು. ಬಾಡಿಗೆ 3,000. ಒಟ್ಟು 24,600 ರೂಪಾಯಿ. ಪಂಕ್ಚರ್ ಖಾತೆ ಖಾಲಿ.

ಹೊಲ ಮಾರಲಿಲ್ಲ. ಅಕ್ಕನ ನಿಕಾಹ್‌ಗೆ ಅಬ್ಬಾ ಆಟೋ ಮೇಲೆ ಸಾಲ ತೆಗೆದರು, ಅದರ ಕಂತು ಈಗಲೂ ನನ್ನ ಪುಸ್ತಕದಲ್ಲಿದೆ. ಈ ಮುಂಗಾರಿಗೆ ಸಜ್ಜೆ, ತೊಗರಿ ಬಿತ್ತಿದ್ದೇವೆ. ಸಾಲಿನ ನಡುವೆ ಜಾಲಿ ಸಸಿಯೂ ಹುಟ್ಟುತ್ತಿದೆ. ಜುಮ್ಮಾ ನಮಾಜ್ ಮುಗಿಸಿ ಅಬ್ಬಾ ಬಸ್ಸಿನಲ್ಲಿ ಹೋಗಿ ಕಿತ್ತು ಬರುತ್ತಾರೆ, ಗೇಣುದ್ದ ಇರುವಾಗ ಕೈಯಲ್ಲೇ ಬರುತ್ತದೆ.

ಈಗಿನ ಚರ್ಚೆ ಕುರಿಗಳದ್ದು. ಸುಗ್ಗಿ ಆದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ ಎಂದು ಕುರಿಗಾರರು ಕೇಳಿದ್ದಾರೆ. ಗೊಬ್ಬರ ಒಳ್ಳೆಯದೇ. ಆದರೆ ಕುರಿಗಳು ದಾರಿಯುದ್ದಕ್ಕೂ ಜಾಲಿ ಕಾಯಿ ತಿಂದು ಬರುತ್ತವೆ, ಬೀಜ ಹಿಕ್ಕೆಯಲ್ಲಿ ಹಾಗೇ ಹೊರಬಿದ್ದು ಮೊಳೆಯುತ್ತದೆ. ದಾದಿ ಬೇಡ ಎನ್ನುತ್ತಾರೆ. ಅಬ್ಬಾ ಅಂಗಡಿ ಗೊಬ್ಬರದ ರೇಟು ಕೇಳಿ ಬಾ ಎಂದು ನನ್ನನ್ನು ಕಳಿಸಿದ್ದಾರೆ.