ಕುಣಿತ, ಪಯಣ ಮತ್ತು ಮಿತಿ

ಬೀದರಿನಿಂದ ಭಾಲ್ಕಿಗೂ ಔರಾದಿಗೂ ದಾರಿ 40 ಕಿಲೋಮೀಟರಿನ ಆಸುಪಾಸಿನದು. ಭಾಲ್ಕಿಗೆ ರೈಲುಂಟು; ಔರಾದಿಗೆ ಬಸ್ಸೇ ಗತಿ. ಈಗಷ್ಟೇ ಹೆಸರು ಮಾಡತೊಡಗಿದ, ಹತ್ತು ಹನ್ನೆರಡು ತರುಣ ತರುಣಿಯರ ಒಂದು ನೃತ್ಯಮೇಳವು ಈ ಮೂರು ಊರುಗಳಲ್ಲಿ ಕಾರ್ಯಕ್ರಮ ನೀಡಲು ಹೊರಡುವುದೆಂದು ಭಾವಿಸಬಹುದು. ಕರೆಸುವವರು ಬಯಸುವುದು ಆಳೆತ್ತರದ ಪೆಟ್ಟಿಗೆಗಳ ಡಿ.ಜೆ. ಸದ್ದನ್ನು, ಬಣ್ಣದ ದೀಪಗಳನ್ನು. ಅವನ್ನು ಹೊರಲು ಒಂದು ಟೆಂಪೊ, ಜನರಿಗೊಂದು ಜೀಪು, ವಿದ್ಯುತ್ತು ಕೈಕೊಟ್ಟೀತೆಂದು ಡೀಸೆಲ್ ಜನರೇಟರು. ಇವಿಲ್ಲದೆ ಬರುವ ಮೇಳವನ್ನು ಮರುವರ್ಷ ಯಾರು ಕರೆದಾರು? ಬೆಳೆಯುವ ಕಲಾವಿದನಿಗೆ ಇದು ತಾತ್ತ್ವಿಕ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಗೃಹಸ್ಥನ ಆಚಾರವನ್ನು ನಿರೂಪಿಸುವ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳು ಬರುತ್ತವೆ. ಅವುಗಳಲ್ಲೊಂದು ಪ್ರಮಾದಚರ್ಯೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಬಾಧಿಸುವುದು, ಗಿಡಮರಗಳನ್ನು ನಿಷ್ಕಾರಣ ಕಡಿಯುವುದು ಅದರಲ್ಲಿ ಸೇರಿವೆ. ವಿಶೇಷವೆಂದರೆ, ಪ್ರಯೋಜನವಿಲ್ಲದೆ ತಾನು ತಿರುಗುವುದೂ ಪರರನ್ನು ತಿರುಗಿಸುವುದೂ ಆ ಸಾಲಿನಲ್ಲೇ ನಿಂತಿವೆ. ದಿಗ್ವ್ರತವಂತೂ ಪಯಣಕ್ಕೇ ಎಲ್ಲೆ ಹಾಕಿಕೊಳ್ಳುವ ವ್ರತ. ಹಾಗೆಂದು ನೃತ್ಯವು ಈ ಪರಂಪರೆಗೆ ಹೊರತಾದುದಲ್ಲ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ವೃಷಭನಾಥನಿಗೆ ವೈರಾಗ್ಯ ಮೂಡುವುದು ನೀಲಾಂಜನೆಯ ನೃತ್ಯದ ನಡುವೆಯೇ. ಆಕ್ಷೇಪವಿರುವುದು ಕುಣಿತಕ್ಕಲ್ಲ, ಅದರ ಬೆನ್ನಿಗೆ ಬೀಳುವ ನಿರರ್ಥಕ ಹೊರೆಗೆ.

ಹೊರನಾಡಿನ ಖ್ಯಾತ ತಂಡಗಳಿಗೂ ಈ ಅರಿವು ತಟ್ಟಿದೆ. ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡವು ಪರಿಸರದ ಕಾರಣವನ್ನೇ ಮುಂದಿಟ್ಟು 2019ರಲ್ಲಿ ಪ್ರವಾಸವನ್ನು ಕೈಬಿಟ್ಟು, 2022ರಲ್ಲಿ ಮತ್ತೆ ಹೊರಟಿತು. ಪ್ರೇಕ್ಷಕರು ಕುಣಿದರೆ ವಿದ್ಯುತ್ತು ಹುಟ್ಟುವ ನೆಲಹಾಸು, ತುಳಿದರೆ ಬ್ಯಾಟರಿ ತುಂಬುವ ಸೈಕಲ್ಲು, ಇವೆಲ್ಲ ಅದರ ಸರಂಜಾಮಿನಲ್ಲಿದ್ದವು. 2016–17ರ ಪ್ರವಾಸಕ್ಕೆ ಹೋಲಿಸಿದರೆ ತನ್ನ ನೇರ ಇಂಗಾಲದ ಹೊರಸೂಸುವಿಕೆ ಪ್ರತಿ ಪ್ರದರ್ಶನಕ್ಕೆ ಶೇಕಡಾ 59ರಷ್ಟು ಇಳಿಯಿತೆಂದು 2024ರಲ್ಲಿ ಅದು ಪ್ರಕಟಿಸಿತು. ಆದರೆ ಪ್ರೇಕ್ಷಕರ ಓಡಾಟ ಈ ನೇರ ಲೆಕ್ಕದೊಳಗಿಲ್ಲ. 2025ರ ಜನವರಿಯಲ್ಲಿ ಅದೇ ತಂಡ ಅಹಮದಾಬಾದಿಗೆ ಬಂದಾಗ ದೇಶದ ನಾನಾ ಕಡೆಗಳಿಂದ ಜನ ನುಗ್ಗಿದರು. ಸೈಕಲ್ಲು ತುಳಿದು ಹುಟ್ಟಿಸಿದ ವಿದ್ಯುತ್ತು ವಿಮಾನದ ಹೊಗೆಯನ್ನು ಎಷ್ಟು ತೀರಿಸೀತು? ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡ ಇನ್ನೂ ನೇರವಾಗಿ ಯೋಚಿಸಿತು. 2024ರ ಆಗಸ್ಟ್ 25ರಂದು ತನ್ನ ಊರಿನಲ್ಲೇ ಬ್ಯಾಟರಿಯ ಬಲದಿಂದ ಹಾಡಿತು, ಸಸ್ಯಾಹಾರವನ್ನಷ್ಟೇ ಬಡಿಸಿತು, ಜನ ಹಿಂದಿರುಗಲು ಹೆಚ್ಚುವರಿ ರೈಲುಗಳ ಏರ್ಪಾಡಾಯಿತು.

ಬೀದರಿನ ಮೇಳಕ್ಕೆ ಅಂಥ ಹಣವಿಲ್ಲ, ಅಗತ್ಯವೂ ಇಲ್ಲ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಲೀಟರಿಗೆ 10 ಕಿಲೋಮೀಟರು ಓಡುವ ಟೆಂಪೊ ಔರಾದಿಗೆ ಹೋಗಿಬಂದರೆ 20 ಕಿಲೊಗೂ ಮಿಕ್ಕಿತು. ಸರ್ಕಾರಿ ಬಸ್ಸಾದರೋ ಮೇಳ ಹತ್ತಲಿ ಬಿಡಲಿ ಓಡಿಯೇ ಓಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿನ ಖರ್ಚೂ ಇಲ್ಲವಾದ್ದರಿಂದ ಕೋಲಾಟದ ತಂಡಕ್ಕೆ ಇದು ಲಾಭದ ಮಾತೇ ಸರಿ. ಒಂದೊಂದೂ 1000 ವಾಟಿನ ಹಳೆಯ ಹತ್ತು ದೀಪಗಳ ಬದಲು 100 ವಾಟಿನ ಎಲ್‌ಇಡಿ ದೀಪಗಳನ್ನು ಹಚ್ಚಿದರೆ ಹತ್ತರಲ್ಲಿ ಒಂದು ಪಾಲು ವಿದ್ಯುತ್ತು ಸಾಕು. ಹೊತ್ತು ಮುಳುಗುವ ಮುನ್ನವೇ ಆಟ ಮುಗಿಸಿದರೆ ಅದೂ ಬೇಡ. ಮಳೆಗಾಲದ ರಾತ್ರಿ ದೀಪಕ್ಕೆ ಮುತ್ತಿ ಸಾಯುವ ಹುಳುಗಳನ್ನು ಬೆಳಗ್ಗೆ ಗುಡಿಸಿದವರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

ಇಲ್ಲಿಯವರೆಗಿನದು ಸುಲಭ. ಕಠಿಣವಾದುದು ಹಲಗೆಯ ವಿಚಾರ. ಡಿ.ಜೆ. ಪೆಟ್ಟಿಗೆಯನ್ನು ಬಿಟ್ಟರೆ ಬಯಲಿನಲ್ಲಿ ಕುಣಿಸಬಲ್ಲ ವಾದ್ಯ ಹಲಗೆಯೇ. ಬಗಲಿಗೆ ತೂಗುಹಾಕಿ ಬಸ್ಸು ಹತ್ತಬಹುದು. ವಿದ್ಯುತ್ತನ್ನು ಅದು ಬೇಡದು. ಆದರೆ ಅದರ ಮೈ ಚರ್ಮದ್ದು. ಅಹಿಂಸೆಯನ್ನು ನಂಬಿದವನು ಅದಕ್ಕೆ ಹೇಗೆ ತಲೆದೂಗಿಯಾನು? ಈಚೆಗೆ ಫೈಬರಿನ ಹಾಳೆಯ ಹಲಗೆಗಳು ಬಂದಿವೆ. ಅವು ಪ್ಲಾಸ್ಟಿಕ್ಕಿನ ಸಂತತಿ. ಹರಿದ ಮೇಲೆ ಮಣ್ಣಿಗೆ ಸೇರಲಾರವು. ಚರ್ಮವನ್ನು ಹದಮಾಡಿ ವಾದ್ಯ ಕಟ್ಟಿ ಬಾರಿಸುತ್ತ ಬಂದವರು ತಲೆತಲಾಂತರದಿಂದ ಅವಮಾನವನ್ನು ಉಂಡವರೆಂಬುದನ್ನೂ ಮರೆಯಲಾಗದು. ಅವರ ಕೈಯ ವಾದ್ಯವನ್ನು ಅಹಿಂಸೆಯ ಹೆಸರಿನಲ್ಲಿ ಕಸಿಯುವುದು ಮತ್ತೊಂದು ಬಗೆಯ ಹಿಂಸೆಯಾದೀತು. ಒಂದು ಹಾಳೆ ಹಲವು ವರ್ಷ ಬಾಳುವಂತೆ ಜೋಪಾನ ಮಾಡಿದರೆ ಫೈಬರಿನ ದೋಷ ಕಡಿಮೆಯಾಗುತ್ತದೆ. ಬರಿಯ ಕೋಲು, ಗೆಜ್ಜೆ, ತಾಳ, ಚಪ್ಪಾಳೆಗಳಿಂದಲೂ ಕುಣಿತ ಕಳೆಗಟ್ಟುತ್ತದೆಂಬುದಕ್ಕೆ ಕೋಲಾಟವೇ ಸಾಕ್ಷಿ. ಮಿಕ್ಕ ನಿರ್ಧಾರ ಬಾರಿಸುವವನದು. ಹೊರಗೆ ನಿಂತವರು ಅವನಿಗೆ ಅಪ್ಪಣೆ ಕೊಡಲಾಗದು.

ಬಸ್ಸನ್ನು ನಂಬಿದ ಮೇಳಕ್ಕೆ ಇನ್ನೊಂದು ಅಡಚಣೆಯುಂಟು. ಆಟ ತಡವಾದರೆ ಔರಾದಿನಿಂದ ಹಿಂದಿರುಗುವ ಕೊನೆಯ ಬಸ್ಸು ತಪ್ಪುತ್ತದೆ. ಆಗ ಊರವರು ಶಾಲೆಯ ಪಡಸಾಲೆಯನ್ನೋ ಗುಡಿಯ ಜಗುಲಿಯನ್ನೋ ತೆರೆದು, ನಾಲ್ಕು ಜೋಳದ ರೊಟ್ಟಿ ಬಡಿಸಿ, ಬೆಳಗಿನ ಬಸ್ಸಿನವರೆಗೆ ಚಾಪೆ ಹಾಸಿಕೊಡಬೇಕು. ಟೆಂಪೊ ಬಾಡಿಗೆ ಉಳಿಯಿತೆಂದು ಸಂಭಾವನೆಯಲ್ಲಿ ಕಡಿತ ಮಾಡದೆ, ಆ ಹಣವನ್ನೂ ಕುಣಿದವರ ಕೈಗೇ ಇಡಬೇಕು.