ಮೋಹಿನಿಗೆ ಸೀಟು ಸಿಕ್ಕಿತಾ?

ಬೆಂಗಳೂರಿನ ಹೊರವಲಯದ ಖಾಸಗಿ ವಿಶ್ವವಿದ್ಯಾಲಯ. ಗೇಟಿನೊಳಗೆ ಬಸ್ಸುಗಳು ಒಂದರ ಹಿಂದೊಂದು ತಿರುಗುತ್ತಿವೆ. ನೀವು ಲಾ ಬ್ಲಾಕಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೀರಿ. ಬಿಳಿ ಅಂಗಿ, ಕಪ್ಪು ಪ್ಯಾಂಟು, ಬ್ಯಾಗಿನಲ್ಲಿ ಅಂಚು ಮುದುಡಿದ ಸಂವಿಧಾನದ ಪ್ರತಿ. ಬಾರ್ ಕೌನ್ಸಿಲ್ ಬಯಸುವ ಶೇ 70ರ ಹಾಜರಾತಿಗೆ ಈ ತರಗತಿಯೂ ಬೇಕು. ಆದರೆ ಇವತ್ತು ಹಾಜರಾತಿ ಕೇಳದಿದ್ದರೂ ನೀವು ಬರುತ್ತಿದ್ದಿರಿ.

ಮೇಡಂ ಬೋರ್ಡಿನ ಮೇಲೆ ಮೂರು ಸಂಖ್ಯೆ ಬರೆಯುತ್ತಾರೆ: 2,000. 25,000. 60,000. ಕೆಳಗೆ ಒಂದು ಸಾಲು: ಮೋಹಿನಿ ಜೈನ್ ವಿರುದ್ಧ ಕರ್ನಾಟಕ ಸರ್ಕಾರ, 1992.

‘ಫ್ಯಾಕ್ಟ್ಸ್ ಯಾರು ಹೇಳ್ತೀರಿ?’

ನಿಮ್ಮ ಪಕ್ಕದಲ್ಲಿದ್ದ ಹಿರಿಯೂರು ಕಡೆಯ ಹುಡುಗಿ ಎದ್ದು ನಿಲ್ಲುತ್ತಾಳೆ. ಇಂಗ್ಲಿಷಿನಲ್ಲಿ ಶುರುಮಾಡುತ್ತಾಳೆ. ಎರಡನೇ ವಾಕ್ಯಕ್ಕೇ ಮಾತು ಸಿಕ್ಕಿಕೊಳ್ಳುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಪುಟ ತಿರುಗಿಸುವ ಸದ್ದು. ‘ಕನ್ನಡದಲ್ಲೇ ಹೇಳಮ್ಮ, ಆಮೇಲೆ ಇಂಗ್ಲಿಷಿಗೆ ಬರೋಣ’ ಎನ್ನುತ್ತಾರೆ ಮೇಡಂ. ಅಲ್ಲಿಂದ ಅವಳ ಮಾತು ತಡೆಯುವುದಿಲ್ಲ.

ಮೋಹಿನಿ ಮೀರತ್‌ನವಳು. 1991ರಲ್ಲಿ ತುಮಕೂರಿನ ಖಾಸಗಿ ಕಾಲೇಜೊಂದಕ್ಕೆ ಎಂಬಿಬಿಎಸ್ ಸೀಟು ಕೇಳಿದಳು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಇದು ಕಾಲೇಜು ತಾನಾಗಿ ಇಟ್ಟ ದರವಲ್ಲ. ಸರ್ಕಾರವೇ 1989ರ ಅಧಿಸೂಚನೆಯಲ್ಲಿ ಒಪ್ಪಿದ್ದು. ಅದೂ ಎಂಥ ಕಾಯ್ದೆಯಡಿ? ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ವಸೂಲಿ ಮಾಡುವ ಹೆಚ್ಚುವರಿ ಹಣ, ನಿಷೇಧಿಸಲೆಂದೇ 1984ರಲ್ಲಿ ತಂದ ಕಾಯ್ದೆಯಡಿ. ಮೊದಲ ವರ್ಷದ ಹಣ, ಮುಂದಿನ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ. ಅಪ್ಪನ ಕೈಲಾಗಲಿಲ್ಲ.

‘ಸುಪ್ರೀಂ ಕೋರ್ಟ್ ಏನು ಹೇಳ್ತು?’

‘ಆ ಹೆಚ್ಚಿನ ಹಣ ಬೋಧನಾ ಶುಲ್ಕ ಅಲ್ಲ, ಕ್ಯಾಪಿಟೇಶನ್ನೇ ಅಂತು. ಸಮಾನತೆಯ 14ನೇ ವಿಧಿಗೆ ವಿರುದ್ಧ. ಶಿಕ್ಷಣದ ಹಕ್ಕು 21ನೇ ವಿಧಿಯ ಬದುಕುವ ಹಕ್ಕಿನಿಂದಲೇ ಹುಟ್ಟುತ್ತೆ ಅಂತು.’

ಈಗ ತರಗತಿ ಹೊತ್ತಿಕೊಳ್ಳುತ್ತದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ನಮ್ಮ ತಂದೆ ಕಾಲೇಜು ನಡೆಸ್ತಾರೆ. ಸರ್ಕಾರ ಒಂದು ರೂಪಾಯಿ ಕೊಡಲ್ಲ. ಕಟ್ಟಡ, ಲ್ಯಾಬು, ಸಂಬಳ ಎಲ್ಲ ಎಲ್ಲಿಂದ ಬರಬೇಕು?’ ಎನ್ನುತ್ತಾನೆ. ಯಾರೂ ನಗುವುದಿಲ್ಲ. ಅದು ನಿಜವಾದ ಪ್ರಶ್ನೆ. ನಿಮಗೆ ನಿಮ್ಮ ಶಿಕ್ಷಣ ಸಾಲದ ಅರ್ಜಿ ನೆನಪಾಗುತ್ತದೆ, ಬ್ಯಾಂಕಿನ ಮೇಜಿನ ಮುಂದೆ ಅಪ್ಪ ಒಂದೊಂದೇ ಹಾಳೆಗೆ ಸಹಿ ಹಾಕಿದ್ದು ನೆನಪಾಗುತ್ತದೆ. ಐದು ವರ್ಷದ ಬಿಎ ಎಲ್‌ಎಲ್‌ಬಿಯ ಖರ್ಚು ನಿಮಗೆ ಬಾಯಿಪಾಠ. ಈ ಕೋಣೆಯಲ್ಲಿ ಎಲ್ಲರೂ ಹಣ ಕೊಟ್ಟೇ ಕೂತವರು, ಅಥವಾ ಯಾರದೋ ವಿದ್ಯಾರ್ಥಿವೇತನದಿಂದ ಕೂತವರು. ಹಾಗಾಗಿಯೇ ಈ ಪಾಠಕ್ಕೆ ಇಲ್ಲಿರುವ ಬಿಸಿ ಬೇರೆ.

ಹಿರಿಯೂರಿನ ಹುಡುಗಿ ಇನ್ನೂ ಕೂತಿಲ್ಲ. ‘ಮೇಡಂ, ಅವಳಿಗೆ ಸೀಟು ಸಿಕ್ಕಿತಾ?’

‘ಇಲ್ಲ.’

ಯಾರೂ ಮಾತಾಡುವುದಿಲ್ಲ. ಮೇಡಂ ವಿವರಿಸುತ್ತಾರೆ: ಕೋರ್ಸು ಆಗಲೇ ಶುರುವಾಗಿತ್ತು, ಆಕೆಯ ಆಯ್ಕೆ ಮೆರಿಟ್ ಮೇಲೆ ಆಗಿರಲಿಲ್ಲ, ಪ್ರವೇಶ ಕೊಡಿಸಲು ಕೋರ್ಟ್ ಒಪ್ಪಲಿಲ್ಲ. ತತ್ವ ಗೆದ್ದಿತು, ಅರ್ಜಿದಾರಳು ಸೀಟಿಲ್ಲದೆ ಉಳಿದಳು. ನೀವು ಅದನ್ನು ನೋಟ್ಸಿನಲ್ಲಿ ಬರೆದು ಅಡಿಗೆರೆ ಎಳೆಯುತ್ತೀರಿ. ಕಾನೂನು ಓದುವವರು ಇಂಥ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು ಎಂದು ನನ್ನ ನಂಬಿಕೆ. ಮುಂದೆ ಕಕ್ಷಿದಾರರು ಬಂದು ಕೇಳುವುದು ತತ್ವವನ್ನಲ್ಲ, ಇದೇ ಪ್ರಶ್ನೆಯನ್ನು.

ಉಳಿದದ್ದು ಬೇಗ ಬೇಗ. 1993ರ ಉನ್ನಿಕೃಷ್ಣನ್ ತೀರ್ಪು ಹಕ್ಕನ್ನು 14 ವರ್ಷದವರೆಗಿನ ಮಕ್ಕಳ ಶಿಕ್ಷಣಕ್ಕೆ ಕಟ್ಟಿತು; ವೃತ್ತಿಪರ ಕಾಲೇಜುಗಳಲ್ಲಿ ಅರ್ಧ ಉಚಿತ ಸೀಟು, ಅರ್ಧ ಪೇಮೆಂಟ್ ಸೀಟು ಎಂದಿತು. 2002ರಲ್ಲಿ, ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, 11 ನ್ಯಾಯಮೂರ್ತಿಗಳ ಪೀಠ ಆ ಸೀಟು ಹಂಚಿಕೆಯನ್ನು ಕೈಬಿಟ್ಟಿತು. ಅನುದಾನರಹಿತ ಸಂಸ್ಥೆಗಳು ತಮ್ಮ ಶುಲ್ಕ ತಾವೇ ಗೊತ್ತುಮಾಡಬಹುದು, ಆದರೆ ಲಾಭಕೋರತನ, ಕ್ಯಾಪಿಟೇಶನ್ ಕೂಡದು. ಮುಂದಿನ ಸಾಲಿನ ಹುಡುಗನಿಗೆ ಅರ್ಧ ಉತ್ತರ ಸಿಕ್ಕಿದೆ. ನ್ಯಾಯವಾದ ಉಳಿಕೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬ ಇನ್ನರ್ಧಕ್ಕೆ ಅವನೂ ಹಿರಿಯೂರಿನ ಹುಡುಗಿಯೂ ಕಾರಿಡಾರಿನಲ್ಲಿ ವಾದ ಮುಂದುವರಿಸಿದ್ದಾರೆ, ನೀವು ನಡುವೆ ಸಿಕ್ಕಿದ್ದೀರಿ.

ಈ ಮೂರೂ ತೀರ್ಪುಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಮಕ್ಕಳನ್ನು ಖಾಸಗಿ ಕಾಲೇಜಿಗೆ ಸೇರಿಸಲು ಹೊರಟ ತಂದೆತಾಯಂದಿರೇ, ಶುಲ್ಕದ ರಸೀದಿ ಪಡೆಯುವ ಮೊದಲು ಮೋಹಿನಿ ಜೈನ್ ತೀರ್ಪನ್ನಾದರೂ ಮಕ್ಕಳಿಂದ ಓದಿಸಿ ಕೇಳಿ.